ಅದೇ ಸೋಪು, ಅದೇ ಆಪ್: ಇದು ನಿಷ್ಠೆಯೋ, ರೂಢಿಯೋ, ಬೀಗವೋ?

"ಹೆಸರಾಂತ ಕಂಪನಿಯ ವಾರ್ಷಿಕೋತ್ಸವ! ಎಲ್ಲರಿಗೂ ಉಚಿತ ಉಡುಗೊರೆ. ಕೆಳಗಿನ ಲಿಂಕ್ ಒತ್ತಿ, ನಾಲ್ಕು ಪ್ರಶ್ನೆಗೆ ಉತ್ತರಿಸಿ, 5 ಗ್ರೂಪಿಗೆ ಕಳಿಸಿ." ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ಕಂಪನಿಯ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಕಾರು ತಯಾರಿಸುವವರು, ಒಮ್ಮೆ ಆನ್‌ಲೈನ್ ಅಂಗಡಿ, ಒಮ್ಮೆ ಸೂಪರ್ ಮಾರ್ಕೆಟ್. ಆದರೆ ಯಾರೂ ಕೇಳಿರದ ಕಂಪನಿಯ ಹೆಸರಿನಲ್ಲಿ ಇದು ಬರುವುದೇ ಇಲ್ಲ. ಯಾಕೆ?

ಯಾಕೆಂದರೆ ಮೋಸಗಾರರಿಗೆ ಬೇಕಿರುವುದು ಆ ಹೆಸರಿನ ಮೇಲೆ ನಿಮಗಿರುವ ನಂಬಿಕೆ. ಕಂಪನಿ ಹತ್ತಾರು ವರ್ಷ ದುಡಿದು ಗಳಿಸಿದ್ದನ್ನು ಅವರು ಒಂದು ಲೋಗೋ ಅಂಟಿಸಿ ಒಂದೇ ನಿಮಿಷದಲ್ಲಿ ಬಳಸಿಕೊಳ್ಳುತ್ತಾರೆ. ಹಾಗಾಗಿ "ನಾವು ಒಂದು ಬ್ರ್ಯಾಂಡಿಗೆ ಯಾಕೆ ಅಂಟಿಕೊಳ್ಳುತ್ತೇವೆ" ಎಂಬ ಪ್ರಶ್ನೆ ಮಾರ್ಕೆಟಿಂಗ್ ಓದುವವರಿಗೆ ಮಾತ್ರ ಸೇರಿದ್ದಲ್ಲ. ಮರೆತುಹೋದ ಆಪ್‌ಗೆ ತಿಂಗಳು ತಿಂಗಳು ಸದ್ದಿಲ್ಲದೆ ಹೋಗುವ ದುಡ್ಡಿಗೂ, ಫಾರ್ವರ್ಡ್ ನಂಬಿ ಒಟಿಪಿ ಕೊಟ್ಟು ಖಾಲಿಯಾಗುವ ಖಾತೆಗೂ ಬೇರು ಇಲ್ಲೇ ಇದೆ.

ಗ್ರಾಹಕರ ನಿಷ್ಠೆಯ ಬಗ್ಗೆ ಸಂಶೋಧಕರು ಹಲವು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅವರು ಕಂಡುಕೊಂಡಿದ್ದರಲ್ಲಿ ನಮಗೆ ಉಪಯೋಗವಾಗುವಂಥದ್ದನ್ನು ಒಂದೊಂದಾಗಿ ನೋಡೋಣ.

ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ

ನೀವು ಹತ್ತು ವರ್ಷದಿಂದ ಒಂದೇ ಟೂತ್‌ಪೇಸ್ಟ್ ಕೊಳ್ಳುತ್ತಿದ್ದೀರಿ ಎಂದುಕೊಳ್ಳಿ. ಕಂಪನಿಯ ಲೆಕ್ಕದಲ್ಲಿ ನೀವು ನಿಷ್ಠಾವಂತ ಗ್ರಾಹಕ. ಆದರೆ ನೀವು ಅದನ್ನು ಮೆಚ್ಚಿ ಕೊಳ್ಳುತ್ತಿದ್ದೀರಾ? ಪಕ್ಕದ ಅಂಗಡಿಯಲ್ಲಿ ಅದೊಂದೇ ಸಿಗುತ್ತದೆ ಎಂದು ಕೊಳ್ಳುತ್ತಿದ್ದೀರಾ? ಬೇರೆಯದರ ಬಗ್ಗೆ ಯೋಚಿಸಲು ಪುರುಸೊತ್ತಿಲ್ಲದೆ ಕೊಳ್ಳುತ್ತಿದ್ದೀರಾ? ಬಿಲ್ಲಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ.

1994ರಲ್ಲಿ ಅಲನ್ ಡಿಕ್ ಮತ್ತು ಕುನಾಲ್ ಬಸು ಎಂಬ ಇಬ್ಬರು ಸಂಶೋಧಕರು ಈ ಗೊಂದಲ ಬಿಡಿಸಲು ಸರಳವಾದ ದಾರಿ ಹೇಳಿದರು. (ಕೊಲ್ಕತ್ತಾದಲ್ಲಿ ಹುಟ್ಟಿದ ಬಸು ಕಾದಂಬರಿಕಾರರೂ ಹೌದು.) ಅವರ ಪ್ರಕಾರ ಎರಡು ಪ್ರಶ್ನೆ ಕೇಳಬೇಕು. ಒಂದು, ಈ ವ್ಯಕ್ತಿ ಮತ್ತೆ ಮತ್ತೆ ಕೊಳ್ಳುತ್ತಿದ್ದಾರೆಯೇ? ಎರಡು, ಉಳಿದವುಗಳಿಗಿಂತ ಇದು ಮೇಲು ಎಂಬ ಭಾವ ಅವರ ಮನಸ್ಸಿನಲ್ಲಿದೆಯೇ? ಎರಡನ್ನೂ ಸೇರಿಸಿದರೆ ನಾಲ್ಕು ಥರದ ಗ್ರಾಹಕರು ಸಿಗುತ್ತಾರೆ.

1. ಮನಸ್ಸೂ ಇದೆ, ಕೊಳ್ಳುವುದೂ ಇದೆ: ಇದು ನಿಜವಾದ ನಿಷ್ಠೆ.
2. ಮನಸ್ಸಿದೆ, ಕೊಳ್ಳುವುದಿಲ್ಲ: ಮೈಸೂರ್ ಸ್ಯಾಂಡಲ್ ಸೋಪಿನ ಪರಿಮಳ ಎಂದರೆ ಪ್ರಾಣ, ಆದರೆ ಈಗಿರುವ ಊರಿನಲ್ಲಿ ಸಿಗುವುದಿಲ್ಲ. ಇದು ಒಳಗೇ ಉಳಿದ ನಿಷ್ಠೆ.
3. ಮನಸ್ಸಿಲ್ಲ, ಆದರೂ ಕೊಳ್ಳುತ್ತಲೇ ಇರುತ್ತಾರೆ: ಇದು ತೋರಿಕೆಯ ನಿಷ್ಠೆ.
4. ಎರಡೂ ಇಲ್ಲ: ಯಾವುದು ಕೈಗೆ ಸಿಕ್ಕಿತೋ ಅದು.

ಇದರಲ್ಲಿ ಮೂರನೆಯದೇ ಸ್ವಾರಸ್ಯದ್ದು. ಊರಿಗೆ ಒಂದೇ ಬಸ್ಸಿದ್ದರೆ ಅದು ದಿನಾ ತುಂಬಿಯೇ ಹೋಗುತ್ತದೆ. ಬಸ್ಸಿನ ಮಾಲೀಕರು "ನಮ್ಮ ಪ್ರಯಾಣಿಕರಿಗೆ ನಮ್ಮ ಮೇಲೆ ಎಷ್ಟು ಪ್ರೀತಿ" ಎಂದುಕೊಳ್ಳಬಹುದು. ಎರಡನೇ ಬಸ್ಸು ಬಂದ ದಿನ ಸತ್ಯ ಗೊತ್ತಾಗುತ್ತದೆ. ನಮ್ಮ ಫೋನಿನಲ್ಲಿರುವ ಎಷ್ಟೋ ಆಪ್‌ಗಳು ಇಂಥ ಒಂಟಿ ಬಸ್ಸುಗಳೇ.

"ಕ್ವಾಲಿಟಿ ಚೆನ್ನಾಗಿದ್ದರೆ ಸಾಕು, ಜನ ಬಿಡುವುದಿಲ್ಲ." ನಿಜವೇ?

ಅರ್ಧ ನಿಜ. ಗುಣಮಟ್ಟ ತೀರಾ ಕೆಟ್ಟರೆ ಜನ ಬಿಟ್ಟುಹೋಗುತ್ತಾರೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಗುಣಮಟ್ಟ ಒಂದೇ ಜನರನ್ನು ಹಿಡಿದಿಡುತ್ತದೆ ಎನ್ನುವುದಕ್ಕೆ ಸಾಕ್ಷ್ಯ ಸಾಲದು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಕೋಕಾ ಕೋಲಾದ್ದು. ಪೆಪ್ಸಿಯ ಸ್ಪರ್ಧೆ ಜೋರಾಗಿದ್ದ ಕಾಲದಲ್ಲಿ ಕಂಪನಿ ಹೊಸ ರುಚಿಯೊಂದನ್ನು ತಯಾರಿಸಿ, ಸುಮಾರು 2 ಲಕ್ಷ ಜನರಿಗೆ ಕುಡಿಸಿ ಪರೀಕ್ಷಿಸಿತು. ಹಳೆಯದಕ್ಕಿಂತಲೂ ಪೆಪ್ಸಿಗಿಂತಲೂ ಹೊಸದೇ ಚೆನ್ನಾಗಿದೆ ಎಂದವರೇ ಹೆಚ್ಚು. 1985ರ ಏಪ್ರಿಲ್ 23ರಂದು ಹಳೆಯ ಕೋಕ್ ನಿಲ್ಲಿಸಿ ಹೊಸದನ್ನು ಮಾರುಕಟ್ಟೆಗೆ ಬಿಡಲಾಯಿತು.

ಜನ ಸಿಟ್ಟಾದರು. ದಿನಕ್ಕೆ ಸುಮಾರು 400 ಕರೆ ಬರುತ್ತಿದ್ದ ಕಂಪನಿಯ ಸಹಾಯವಾಣಿಗೆ ಜೂನ್ ಹೊತ್ತಿಗೆ 1,500 ಕರೆ ಬರತೊಡಗಿದವು. ಕೆಲವರು ಹಳೆಯ ಕೋಕ್ ಅನ್ನು ಮನೆಯಲ್ಲಿ ಕೂಡಿಟ್ಟರು. ಕೊನೆಗೆ 79 ದಿನಗಳ ನಂತರ, ಜುಲೈ 11ರಂದು, ಹಳೆಯ ರುಚಿಯನ್ನು ವಾಪಸ್ ತರುವುದಾಗಿ ಕಂಪನಿ ಘೋಷಿಸಬೇಕಾಯಿತು.

ಪರೀಕ್ಷೆಯಲ್ಲಿ ತಪ್ಪೇನಾಗಿತ್ತು? "ಯಾವುದು ರುಚಿ" ಎಂದು ಕೇಳಿದ್ದರು. "ನಿಮ್ಮ ಹಳೆಯದನ್ನು ನಿಲ್ಲಿಸಿಬಿಡುತ್ತೇವೆ, ಆಗಬಹುದಾ" ಎಂದು ಕೇಳಿರಲಿಲ್ಲ. ಒಂದು ಗುಟುಕಿನಲ್ಲಿ ಸಿಗುವುದು ರುಚಿ ಮಾತ್ರ. ಆದರೆ ಆ ಬಾಟಲಿಯ ಜೊತೆ ಶಾಲೆಯ ದಿನ, ಗೆಳೆಯರು, ಹಬ್ಬ ಹರಿದಿನ ಎಲ್ಲವೂ ಅಂಟಿಕೊಂಡಿದ್ದವು.

2004ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದನ್ನು ಮಿದುಳಿನಲ್ಲಿ ಹುಡುಕಿದರು. ಒಟ್ಟು 67 ಜನರಿಗೆ ಕೋಕ್ ಮತ್ತು ಪೆಪ್ಸಿ ಕೊಟ್ಟರು. ಹೆಸರು ಹೇಳದಿದ್ದಾಗ ಎರಡನ್ನೂ ಇಷ್ಟಪಟ್ಟವರು ಹೆಚ್ಚುಕಡಿಮೆ ಸಮಸಮ. "ಇದು ಕೋಕ್" ಎಂದು ಹೇಳಿ ಕೊಟ್ಟಾಗ ಕೋಕ್ ಕಡೆಗೆ ಒಲವು ಹೆಚ್ಚಾಯಿತು. ಸ್ಕ್ಯಾನಿಂಗ್‌ನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗವೂ ಚುರುಕಾಗಿದ್ದು ಕಂಡಿತು. ಪೆಪ್ಸಿಯ ಹೆಸರು ಹೇಳಿದಾಗ ಅಂಥ ಪರಿಣಾಮ ಕಾಣಲಿಲ್ಲ.

ಇಲ್ಲೊಂದು ಎಚ್ಚರಿಕೆ. "ಮಿದುಳಿನಲ್ಲಿ ಕೊಳ್ಳುವ ಗುಂಡಿ ಪತ್ತೆ" ಎಂಬ ರೀತಿಯ ಸುದ್ದಿಗಳು ಇಂಥ ಅಧ್ಯಯನಗಳ ಹೆಸರಿನಲ್ಲೇ ಹರಿದಾಡುತ್ತವೆ. ಇದು ಸಣ್ಣ ಅಧ್ಯಯನ. ಅಂಥ ಗುಂಡಿ ಯಾವುದೂ ಇಲ್ಲ. ಅದು ಹೇಳುವುದಿಷ್ಟೇ: ನಾವು ಕುಡಿಯುವಾಗ ನಾಲಿಗೆಯ ಜೊತೆ ನೆನಪೂ ಕೆಲಸ ಮಾಡುತ್ತದೆ.

ರೂಢಿ: ಒಂದು ವಾರದ ಹಳೆಯ ಪಾಪ್‌ಕಾರ್ನ್

ನೆನಪು, ಪ್ರೀತಿ ಏನೂ ಇಲ್ಲದೆಯೂ ನಾವು ಒಂದೇ ಕಡೆ ಹೋಗುತ್ತಿರುತ್ತೇವೆ. ಅದಕ್ಕೆ ಕಾರಣ ರೂಢಿ.

ಅಮೆರಿಕದ ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಸಿನಿಮಾ ಮಂದಿರಕ್ಕೆ ಬಂದವರಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್ ಕೊಟ್ಟರು, ಕೆಲವರಿಗೆ ಒಂದು ವಾರದ ಹಳೆಯದ್ದು. ಸಿನಿಮಾ ನೋಡುವಾಗ ಪಾಪ್‌ಕಾರ್ನ್ ತಿಂದು ರೂಢಿಯಿಲ್ಲದವರು ಹಳೆಯದನ್ನು ಕಡಿಮೆ ತಿಂದರು. ರೂಢಿಯಿದ್ದವರೋ, ಹಳಸಿದ್ದನ್ನೂ ತಾಜಾದಷ್ಟೇ ತಿಂದರು! ಚೆನ್ನಾಗಿಲ್ಲ ಎನ್ನುತ್ತಲೇ ತಿಂದರು. ಅದೇ ಪಾಪ್‌ಕಾರ್ನ್ ಅನ್ನು ಮೀಟಿಂಗ್ ಕೋಣೆಯಲ್ಲಿ ಕೊಟ್ಟಾಗ ಅವರೂ ಹಾಗೆ ತಿನ್ನಲಿಲ್ಲ. ಸಿನಿಮಾ ಮಂದಿರದಲ್ಲೇ, ಬಳಕೆಯಿಲ್ಲದ ಕೈಯಿಂದ (ಬಲಗೈ ಬಳಸುವವರು ಎಡಗೈಯಿಂದ) ತಿನ್ನಿ ಎಂದಾಗಲೂ ರೂಢಿ ಮುರಿದು, ಹಳಸಿದ್ದನ್ನು ಬಿಟ್ಟರು.

ಅಂದರೆ ಜಾಗ, ಹೊತ್ತು, ಕೈಯ ಚಲನೆ ಇವೆಲ್ಲ ಸೇರಿ ನಮ್ಮಿಂದ ಕೆಲಸ ಮಾಡಿಸುತ್ತವೆ. ಇಷ್ಟಾನಿಷ್ಟವನ್ನು ಯಾರೂ ಕೇಳುವುದಿಲ್ಲ. ಈಗ ನಿಮ್ಮ ಫೋನಿನ ಮೊದಲ ಪರದೆ ನೆನಪಿಸಿಕೊಳ್ಳಿ. ಕಣ್ಣು ಮುಚ್ಚಿಕೊಂಡೂ ಹೆಬ್ಬೆರಳು ಹೋಗುವ ಆ ಆಪ್ ನಿಮಗೆ ಇಷ್ಟವಾದದ್ದೇ, ರೂಢಿಯಾದದ್ದೇ?

ಇದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಯುಪಿಐ. 2016ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಯಾವ ಆಪ್‌ನಿಂದ ಯಾವ ಬ್ಯಾಂಕಿಗೆ ಬೇಕಾದರೂ ಹಣ ಕಳಿಸಬಹುದು. ಒಂದು ಆಪ್ ಬಿಟ್ಟು ಇನ್ನೊಂದಕ್ಕೆ ಹೋದರೆ ಖಾತೆ ಬದಲಾಗುವುದಿಲ್ಲ, ದುಡ್ಡೂ ಖರ್ಚಾಗುವುದಿಲ್ಲ. ಆದರೂ ದೇಶದ ಯುಪಿಐ ವಹಿವಾಟಿನ ನಾಲ್ಕರಲ್ಲಿ ಮೂರು ಭಾಗಕ್ಕಿಂತ ಹೆಚ್ಚು ನಡೆಯುವುದು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆಪ್‌ಗಳಲ್ಲಿ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಯಾವ ಆಪ್‌ನ ಪಾಲೂ ಶೇ. 30 ಮೀರಬಾರದು ಎಂದು 2020ರಲ್ಲೇ ಹೇಳಿತ್ತು. ಆ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2026ರ ಕೊನೆಗೆ ಬಂದು ನಿಂತಿದೆ. ಬಾಗಿಲು ತೆರೆದೇ ಇದ್ದರೂ ಜನ ಎದ್ದು ಹೋಗುವುದಿಲ್ಲ. ಮೊದಲು ಹಾಕಿಕೊಂಡದ್ದು, ಮನೆಯವರೆಲ್ಲ ಬಳಸುವುದು, ಅಂಗಡಿಯ ಗೋಡೆಯ ಮೇಲೆ ದಿನಾ ಕಾಣುವುದು, ಅಷ್ಟು ಸಾಕು.

ರೂಢಿಯಿಂದ ನಷ್ಟವೇನು ಎಂದು ಕೇಳಬಹುದು. ಲಂಡನ್ನಿನ ಒಂದು ಘಟನೆ ಅದಕ್ಕೆ ಉತ್ತರ ಕೊಡುತ್ತದೆ. 2014ರ ಫೆಬ್ರುವರಿಯಲ್ಲಿ ಅಲ್ಲಿನ ಸುರಂಗ ರೈಲಿನ ನೌಕರರು ಎರಡು ದಿನ ಮುಷ್ಕರ ಮಾಡಿದರು. ಕೆಲವು ನಿಲ್ದಾಣಗಳು ಮುಚ್ಚಿದ್ದರಿಂದ ಜನ ಬೇರೆ ದಾರಿ ಹುಡುಕಬೇಕಾಯಿತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಸಂಶೋಧಕರು ಪ್ರಯಾಣದ ಕಾರ್ಡಿನ ದತ್ತಾಂಶ ನೋಡಿದಾಗ, ದಾರಿ ಬದಲಿಸಬೇಕಾಗಿ ಬಂದವರಲ್ಲಿ ಸುಮಾರು ಶೇ. 5ರಷ್ಟು ಜನ ಮುಷ್ಕರ ಮುಗಿದ ಮೇಲೂ ಹಳೆಯ ದಾರಿಗೆ ಮರಳಿರಲಿಲ್ಲ. ಹೊಸ ದಾರಿಯೇ ಅವರಿಗೆ ಅನುಕೂಲವಾಗಿತ್ತು. ವರ್ಷಗಟ್ಟಲೆ ದಿನಾ ಓಡಾಡಿದರೂ ಅದು ಅವರಿಗೆ ಗೊತ್ತಾಗಿರಲಿಲ್ಲ.

ಪಾಯಿಂಟು, ಸ್ಟಾಂಪು ಮತ್ತು "ಇನ್ನೆರಡೇ ಬಾಕಿ"

"10 ಕಾಫಿ ಕುಡಿದರೆ 11ನೆಯದು ಉಚಿತ" ಎಂಬ ಕಾರ್ಡು ನೋಡಿರುತ್ತೀರಿ. ಇದರ ಹಿಂದಿರುವ ಮನಶ್ಶಾಸ್ತ್ರವನ್ನು ಮೊದಲು ಗಮನಿಸಿದ್ದು ಇಲಿಗಳಲ್ಲಿ. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞರು, ಆಹಾರ ಹತ್ತಿರವಾದಷ್ಟೂ ಇಲಿಯ ಓಟ ಚುರುಕಾಗುವುದನ್ನು ತೋರಿಸಿದರು. 2006ರಲ್ಲಿ ರಾನ್ ಕಿವೆಟ್ಜ್ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯವೊಂದರ ಕಾಫಿ ಅಂಗಡಿಯಲ್ಲಿ ಅದನ್ನೇ ಮನುಷ್ಯರಲ್ಲಿ ಕಂಡರು. ಉಚಿತ ಕಾಫಿ ಹತ್ತಿರವಾದಂತೆ ಜನ ಬೇಗ ಬೇಗ ಬರತೊಡಗಿದರು. ಉಚಿತ ಕಾಫಿ ಸಿಕ್ಕಿ ಹೊಸ ಕಾರ್ಡು ಶುರುವಾದಾಗ ಮತ್ತೆ ನಿಧಾನವಾದರು.

ಅದೇ ವರ್ಷ ಜೋಸೆಫ್ ನ್ಯೂನ್ಸ್ ಮತ್ತು ಷಾವಿಯೇ ಡ್ರೆಜ್ ಪ್ರಕಟಿಸಿದ ಪ್ರಯೋಗ ಇನ್ನೂ ಮಜವಾಗಿದೆ. ಕಾರು ತೊಳೆಯುವ ಅಂಗಡಿಯೊಂದರಲ್ಲಿ 300 ಜನರಿಗೆ ಕಾರ್ಡು ಹಂಚಿದರು. ಅರ್ಧ ಜನರಿಗೆ 8 ಸ್ಟಾಂಪಿನ ಖಾಲಿ ಕಾರ್ಡು. ಇನ್ನರ್ಧ ಜನರಿಗೆ 10 ಸ್ಟಾಂಪಿನ ಕಾರ್ಡು, ಆದರೆ ಅದರಲ್ಲಿ 2 ಸ್ಟಾಂಪು ಮೊದಲೇ ಒತ್ತಿತ್ತು. ಲೆಕ್ಕ ಹಾಕಿ: ಇಬ್ಬರೂ ತೊಳೆಸಬೇಕಾದದ್ದು ಎಂಟು ಸಲವೇ. ಆದರೂ ಖಾಲಿ ಕಾರ್ಡಿನವರಲ್ಲಿ ಶೇ. 19 ಜನ ಮಾತ್ರ ಕಾರ್ಡು ತುಂಬಿಸಿದರು. ಎರಡು ಸ್ಟಾಂಪು "ಪುಕ್ಕಟೆ" ಸಿಕ್ಕವರಲ್ಲಿ ಶೇ. 34 ಜನ ತುಂಬಿಸಿದರು. ಆಗಲೇ ಅರ್ಧ ದಾರಿ ಬಂದಿದ್ದೇವೆ ಅನ್ನಿಸಿದರೆ ನಿಲ್ಲಿಸಲು ಮನಸ್ಸಾಗುವುದಿಲ್ಲ.

"ನಿಮ್ಮ ಪ್ರೊಫೈಲ್ ಶೇ. 70 ಪೂರ್ಣಗೊಂಡಿದೆ", "ಇನ್ನು 49 ರೂಪಾಯಿಯ ಸಾಮಾನು ಹಾಕಿದರೆ ಡೆಲಿವರಿ ಉಚಿತ", "ನೀವು 12 ದಿನದಿಂದ ಬಿಡದೆ ಆಡುತ್ತಿದ್ದೀರಿ" ಎಂಬ ಸಂದೇಶಗಳೆಲ್ಲ ಈ ಎರಡು ಸ್ಟಾಂಪಿನ ಮರಿಮಕ್ಕಳು.

ಈಗ ಮೊದಲು ಹೇಳಿದ ಫಾರ್ವರ್ಡ್‌ಗೆ ಬನ್ನಿ. ಲಿಂಕ್ ಒತ್ತಿದವರಿಗೆ ಅಲ್ಲಿ ಮೊದಲು ಸುಲಭವಾದ ಪ್ರಶ್ನೆಗಳು ಸಿಗುತ್ತವೆ. ಆಮೇಲೆ ಕೆಲವು ಡಬ್ಬಿಗಳು, ಒಂದನ್ನು ಆರಿಸಲು ಮೂರು ಅವಕಾಶ. ಮೊದಲ ಸಲ ಖಾಲಿ. ಎರಡನೆಯದೋ ಮೂರನೆಯದೋ ಸಲ "ಅಭಿನಂದನೆಗಳು, ನೀವು ಗೆದ್ದಿದ್ದೀರಿ". ಬಳಿಕ ಒಂದು ನೀಲಿ ಪಟ್ಟಿ. ಅದು ತುಂಬುವವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕು. ಪಟ್ಟಿ ಮುಕ್ಕಾಲು ತುಂಬಿದ ಮೇಲೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಕಾರ್ ವಾಷ್ ಅಂಗಡಿಯ ಕಾರ್ಡಿನ ತಂತ್ರವೇ ಇಲ್ಲಿ ಮೋಸಕ್ಕೆ ಬಳಕೆಯಾಗಿದೆ. ಕಂಪನಿಯ ಹೆಸರು ನಿಮ್ಮನ್ನು ಒಳಗೆ ಕರೆಯುತ್ತದೆ, ನೀಲಿ ಪಟ್ಟಿ ಹೊರಗೆ ಹೋಗದಂತೆ ತಡೆಯುತ್ತದೆ. ಓದಿದವರೂ ಬುದ್ಧಿವಂತರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಅಪ್ಪ ಅಮ್ಮ ಇಂಥದ್ದನ್ನು ಕಳಿಸಿದಾಗ ಗ್ರೂಪಿನಲ್ಲಿ ಅವರನ್ನು ಗೇಲಿ ಮಾಡುವ ಬದಲು, ಪಕ್ಕದಲ್ಲಿ ಕೂತು ಈ ತಂತ್ರವನ್ನು ವಿವರಿಸಿದರೆ ಹೆಚ್ಚು ಪ್ರಯೋಜನ.

ಬೀಗ: ಹೋಗಲು ಬಿಡದಿರುವುದು

ಇನ್ನು ಕೆಲವು ಕಡೆ ನಾವು ಉಳಿಯುವುದು ಹೋಗಲು ಆಗದೆ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನಿಯಮ ಬದಲಿಸುವುದಾಗಿ ಹೇಳಿದಾಗ ದೊಡ್ಡ ಗದ್ದಲವಾಯಿತು. ಲಕ್ಷಾಂತರ ಜನ ಸಿಗ್ನಲ್, ಟೆಲಿಗ್ರಾಂ ಹಾಕಿಕೊಂಡರು. ಫೆಬ್ರುವರಿ 8ರ ಗಡುವನ್ನು ಕಂಪನಿ ಮೇ 15ಕ್ಕೆ ಮುಂದೂಡಿತು. ಆಮೇಲೇನಾಯಿತು? ಹೊಸ ಆಪ್ ಹಾಕಿಕೊಂಡವರಲ್ಲಿ ಹೆಚ್ಚಿನವರು ವಾಟ್ಸ್‌ಆ್ಯಪ್ ಬಿಡಲಿಲ್ಲ. ಹೊಸ ಆಪ್ ಕೆಟ್ಟದ್ದೆಂದಲ್ಲ. ಅಲ್ಲಿ ಅಮ್ಮ ಇರಲಿಲ್ಲ, ಅಪಾರ್ಟ್‌ಮೆಂಟ್ ಗ್ರೂಪ್ ಇರಲಿಲ್ಲ, ಮಗುವಿನ ಶಾಲೆಯ ಟೀಚರ್ ಇರಲಿಲ್ಲ. ಒಬ್ಬರು ಹೋದರೆ ಸಾಲದು, ಎಲ್ಲರೂ ಒಟ್ಟಿಗೆ ಹೋಗಬೇಕು. ಇದನ್ನು ಜಾಲದ ಪರಿಣಾಮ ಎನ್ನುತ್ತಾರೆ.

ಮೊಬೈಲ್ ನಂಬರ್ ಕೂಡ ಒಂದು ಕಾಲದಲ್ಲಿ ಇಂಥ ಬೀಗವೇ ಆಗಿತ್ತು. ಕಂಪನಿ ಬದಲಿಸಿದರೆ ನಂಬರ್ ಹೋಗುತ್ತಿತ್ತು. 2011ರ ಜನವರಿ 20ರಂದು ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಬಂತು. ಈಗ 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿದರೆ ಕೆಲಸ ಶುರುವಾಗುತ್ತದೆ. ನಿಯಮವೊಂದು ಬೀಗ ತೆಗೆದ ಮೇಲೆ ಕಂಪನಿಗಳು ಸೇವೆ ಮತ್ತು ಬೆಲೆಯಿಂದಲೇ ಗ್ರಾಹಕರನ್ನು ಉಳಿಸಿಕೊಳ್ಳಬೇಕಾಯಿತು.

ಬೇಕೆಂದೇ ಹಾಕುವ ಬೀಗವೂ ಇದೆ. ಚಂದಾದಾರರಾಗಲು ಒಂದು ಒತ್ತು, ಬಿಡಲು ಹತ್ತು ಪುಟ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇದೇ ಆರೋಪವಿತ್ತು. ಪ್ರೈಮ್ ಸದಸ್ಯತ್ವ ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ ದಾಟಬೇಕಿತ್ತು, ಮತ್ತು ಈ ಪ್ರಕ್ರಿಯೆಗೆ ಕಂಪನಿಯೊಳಗೆ "ಇಲಿಯಡ್" ಎಂಬ ಹೆಸರಿತ್ತು ಎಂದು ಆಯೋಗ ಹೇಳಿತು. ಇಲಿಯಡ್ ಎಂದರೆ ಮುಗಿಯದ ಯುದ್ಧದ ಗ್ರೀಕ್ ಮಹಾಕಾವ್ಯ. ನಮ್ಮಲ್ಲಾಗಿದ್ದರೆ "ಮಹಾಭಾರತ" ಎಂದಿಡುತ್ತಿದ್ದರೇನೋ! ತಪ್ಪು ಒಪ್ಪಿಕೊಳ್ಳದಿದ್ದರೂ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು.

ಭಾರತದಲ್ಲಿ ಇಂಥ ತಂತ್ರಗಳಿಗೆ "ಡಾರ್ಕ್ ಪ್ಯಾಟರ್ನ್" ಎಂಬ ಹೆಸರಿನಲ್ಲೇ ನಿಷೇಧವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ತಂತ್ರಗಳ ಪಟ್ಟಿ ಇದೆ. ಕೇಳದೆಯೇ ಬುಟ್ಟಿಗೆ ವಸ್ತು ಸೇರಿಸುವುದು, "ಇನ್ನೊಂದೇ ಉಳಿದಿದೆ" ಎಂದು ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂತೆ ಬರೆಯುವುದು, ಚಂದಾ ರದ್ದು ಮಾಡಲು ಕಷ್ಟ ಕೊಡುವುದು, ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು, ಇವೆಲ್ಲ ಅದರಲ್ಲಿವೆ.

ಹಾಗಾದರೆ ನಿಜವಾದ ನಿಷ್ಠೆ ಹುಟ್ಟುವುದು ಹೇಗೆ?

ಇದುವರೆಗೆ ಓದಿ ಎಲ್ಲವೂ ತಂತ್ರವೇ ಅನ್ನಿಸಿರಬಹುದು. ಹಾಗೇನಿಲ್ಲ. ನಿಜವಾದ ನಿಷ್ಠೆ ಇದೆ, ಅದು ಹುಟ್ಟುವ ದಾರಿಯೂ ಹಳೆಯದೇ.

ಹೂ ಮಾರುವವರು ಮೊಳ ಅಳೆದ ಮೇಲೆ ಒಂದು ಗೇಣು ಹೆಚ್ಚು ಬಿಟ್ಟು ಕತ್ತರಿಸುತ್ತಾರೆ. ತರಕಾರಿಯವರು ಎರಡು ಎಸಳು ಕರಿಬೇವು ಚೀಲಕ್ಕೆ ಹಾಕುತ್ತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ "ಕೊಸರು" ಎಂಬ ಚಂದದ ಹೆಸರೇ ಇದೆ. ಕೊಸರಿಗೂ ಪಾಯಿಂಟಿಗೂ ವ್ಯತ್ಯಾಸವಿದೆ. ಪಾಯಿಂಟು ಷರತ್ತಿನ ಮೇಲೆ ಸಿಗುತ್ತದೆ, ಕೊಸರು ಗುರುತಿನ ಮೇಲೆ. ಕೊಸರು ಪಡೆದವರು ಮತ್ತೆ ಅಲ್ಲಿಗೇ ಹೋಗುವುದು ಋಣದ ಭಾವದಿಂದ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಹಾಗೆಯೇ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಅಕ್ಕಿ ಕೊಟ್ಟವರನ್ನು, ಎರಡು ರೂಪಾಯಿ ಕಡಿಮೆ ಸಿಗುತ್ತದೆಂದು ಬಿಟ್ಟುಹೋಗುವವರು ಕಡಿಮೆ. ಅಲ್ಲಿ ಮೊದಲು ನಂಬಿದ್ದು ಅಂಗಡಿಯವರು.

ದೊಡ್ಡ ಕಂಪನಿಗಳ ವಿಷಯದಲ್ಲಿ ಅಧ್ಯಯನಗಳು ಎರಡು ಮಾತು ಹೇಳುತ್ತವೆ.

ಮೊದಲನೆಯದು, ಗ್ರಾಹಕರನ್ನು ಬೆರಗುಗೊಳಿಸುವುದಕ್ಕಿಂತ ತೊಂದರೆ ಕೊಡದಿರುವುದು ಮುಖ್ಯ. ಗ್ರಾಹಕ ಸೇವೆಯನ್ನು ಬಳಸಿದ 75,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಆಧರಿಸಿ ಮ್ಯಾಥ್ಯೂ ಡಿಕ್ಸನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಬರೆದರು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುವುದು, ಒಬ್ಬರಿಂದ ಇನ್ನೊಬ್ಬರಿಗೆ ಕರೆ ದಾಟಿಸುವುದು, ಒಂದೇ ಸಮಸ್ಯೆಗೆ ಮೂರು ಸಲ ಕರೆ ಮಾಡಿಸುವುದು, ಇವೇ ಜನರನ್ನು ಓಡಿಸುತ್ತವೆ. ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುವ ಬ್ಯಾಂಕಿಗಿಂತ, ದೂರು ಕೊಟ್ಟ ದಿನವೇ ಬಗೆಹರಿಸುವ ಬ್ಯಾಂಕು ಮೇಲು.

ಎರಡನೆಯದು, ತಪ್ಪಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು. "ತಪ್ಪು ಮಾಡಿ ಚೆನ್ನಾಗಿ ಸರಿಪಡಿಸಿದರೆ ಗ್ರಾಹಕ ಮೊದಲಿಗಿಂತ ಹೆಚ್ಚು ನಿಷ್ಠನಾಗುತ್ತಾನೆ" ಎಂಬ ಮಾತು ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಬಹಳ ಕೇಳುತ್ತದೆ. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಚಿತ್ರ ಬೇರೆಯಿತ್ತು. ಚೆನ್ನಾಗಿ ಸರಿಪಡಿಸಿದರೆ ಸಮಾಧಾನವೇನೋ ಹೆಚ್ಚುತ್ತದೆ, ಆದರೆ ಮತ್ತೆ ಕೊಳ್ಳುವ ಇರಾದೆ ಅದರಿಂದ ಹೆಚ್ಚಿದ್ದು ಕಾಣಲಿಲ್ಲ. ಮನಸ್ಸು ಕ್ಷಮಿಸುತ್ತದೆ, ಜೇಬು ಅಷ್ಟು ಬೇಗ ಮರೆಯುವುದಿಲ್ಲ!

"ನಮ್ಮದು" ಎನ್ನುವ ಭಾವ

ಕನ್ನಡಿಗರಿಗೆ ಇನ್ನೊಂದು ಕಾರಣ ವಿವರಿಸಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್ ಬೆಂಗಳೂರಿನಲ್ಲಿ ತಾಜಾ ಹಾಲು ಮಾರುವುದಾಗಿ ಹೇಳಿದಾಗ "ನಂದಿನಿ ಉಳಿಸಿ" ಎಂಬ ಕೂಗು ಎದ್ದಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ನಂದಿನಿಯ ಪರ ನಿಂತಿತು. ಹಾಲಿನ ಪ್ಯಾಕೆಟ್ ಒಂದರ ಹಿಂದೆ ಊರಿನ ಡೇರಿ, ಬೆಳಿಗ್ಗೆ ಕ್ಯಾನು ಹಿಡಿದು ನಿಲ್ಲುವ ರೈತರು, ರಾಜ್ಯದ ಹೆಸರು ಎಲ್ಲವೂ ಇದ್ದವು. ಬ್ರ್ಯಾಂಡು ನಮ್ಮ ಗುರುತಿನ ಭಾಗವಾದಾಗ ಅದಕ್ಕೆ ಬಿದ್ದ ಪೆಟ್ಟು ನಮಗೇ ಬಿದ್ದಂತೆ ಅನ್ನಿಸುತ್ತದೆ. ಅಮುಲ್ ಕೂಡ ರೈತರದೇ ಸಹಕಾರ ಸಂಸ್ಥೆ. ಗುಜರಾತಿನವರಿಗೆ ಅದರ ಮೇಲೆ ಇರುವುದೂ ಇದೇ ಭಾವ.

ಆದರೆ ಭಾವ ಒಂಟಿಯಾಗಿ ಕೆಲಸ ಮಾಡಿತ್ತೇ? ಆಗ ಬೆಂಗಳೂರಿನಲ್ಲಿ ನಂದಿನಿ ಹಾಲಿನ ಬೆಲೆ ಅಮುಲ್‌ಗಿಂತ ಸಾಕಷ್ಟು ಕಡಿಮೆಯಿತ್ತು. ಬೀದಿಗೊಂದು ಬೂತ್ ಇತ್ತು. ಬೆಳಿಗ್ಗೆ ಆರಕ್ಕೆ ಹಾಲು ಸಿಗುತ್ತಿತ್ತು. ಪ್ರೀತಿಗೆ ಬೆಲೆ ಮತ್ತು ಅನುಕೂಲದ ಆಸರೆಯೂ ಇತ್ತು. ಬಹುಕಾಲ ಬಾಳುವ ನಿಷ್ಠೆಯನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಇಂಥ ಮೂರ್ನಾಲ್ಕು ಎಳೆಗಳು ಸಿಗುತ್ತವೆ.

ಫಾರ್ವರ್ಡ್‌ಗಳಲ್ಲಿ ಸುತ್ತುವ ಮೂರು ಮಾತು

ಮಾತು: "ನಿಜವಾದ ಗ್ರಾಹಕ ಒಂದೇ ಬ್ರ್ಯಾಂಡ್ ಬಳಸುತ್ತಾನೆ."
ವಾಸ್ತವ: ಆ್ಯಂಡ್ರ್ಯೂ ಎಹ್ರೆನ್‌ಬರ್ಗ್ ಎಂಬ ಸಂಶೋಧಕರು ದಶಕಗಳ ಕಾಲ ಮನೆಮನೆಯ ಖರೀದಿ ಲೆಕ್ಕ ನೋಡಿ ತೋರಿಸಿದಂತೆ, ಹೆಚ್ಚಿನವರು ಎರಡು ಮೂರು ಬ್ರ್ಯಾಂಡುಗಳ ನಡುವೆ ಓಡಾಡುತ್ತಾರೆ. ಸಣ್ಣ ಬ್ರ್ಯಾಂಡುಗಳಿಗೆ ಗ್ರಾಹಕರೂ ಕಡಿಮೆ, ಆ ಗ್ರಾಹಕರ ನಿಷ್ಠೆಯೂ ತುಸು ಕಡಿಮೆ. ಗಾಯದ ಮೇಲೆ ಬರೆ ಎಂದರೆ ಇದೇ.

ಮಾತು: "ಹಳೆಯ ಗ್ರಾಹಕರಿಗೇ ಕಂಪನಿ ಒಳ್ಳೆಯ ಬೆಲೆ ಕೊಡುತ್ತದೆ."
ವಾಸ್ತವ: ಎಷ್ಟೋ ಕಡೆ ಉಲ್ಟಾ. ಹೊಸಬರನ್ನು ಸೆಳೆಯಲು ಮೊದಲ ಆರ್ಡರಿಗೆ, ಮೊದಲ ವರ್ಷಕ್ಕೆ ರಿಯಾಯಿತಿ ಇರುತ್ತದೆ. ಹೇಗೂ ಉಳಿಯುವವರಿಗೆ ಪೂರ್ತಿ ಬೆಲೆ.

ಮಾತು: "ಕಂಪನಿ ಹೇಳುವಷ್ಟು ವರ್ಷದಿಂದ ಇದ್ದರೆ ಅದರ ಹೆಸರಿನಲ್ಲಿ ಬಂದ ಮೆಸೇಜು ನಂಬಬಹುದು."
ವಾಸ್ತವ: ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ನೋಡಬೇಕಾದದ್ದು ಲಿಂಕ್ ಯಾವ ವೆಬ್‌ಸೈಟಿನದು ಎಂಬುದನ್ನು.

ನೀವು ಮಾಡಬಹುದಾದದ್ದು

- ಹತ್ತು ನಿಮಿಷದ ಲೆಕ್ಕ: ನಿಮ್ಮ ಯುಪಿಐ ಆಪ್‌ನಲ್ಲಿ "ಆಟೋಪೇ" ಅಥವಾ "ಮ್ಯಾಂಡೇಟ್" ಎಂಬ ಜಾಗ ತೆರೆಯಿರಿ. ತಾನಾಗಿ ಹೋಗುತ್ತಿರುವ ಹಣದ ಪಟ್ಟಿ ಅಲ್ಲಿರುತ್ತದೆ. ಬೇಡವಾದದ್ದನ್ನು ಅಲ್ಲೇ ರದ್ದು ಮಾಡಬಹುದು. ಕಾರ್ಡಿನಿಂದ ಕಡಿತವಾಗುವ ಚಂದಾಗೆ 24 ಗಂಟೆ ಮೊದಲೇ ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಇದೆ. ಆ ಸಂದೇಶವನ್ನು ಓದದೆ ಅಳಿಸಬೇಡಿ.
- ಹೊಸಬರ ಪ್ರಶ್ನೆ: "ಇವತ್ತೇ ಮೊದಲ ಸಲ ಆರಿಸುವುದಾದರೆ ಇದನ್ನೇ ಆರಿಸುತ್ತೇನಾ?" ಹೌದು ಎಂದಾದರೆ ಅದು ನಿಷ್ಠೆ. ಅಲ್ಲ ಎಂದಾದರೆ ರೂಢಿ ಅಥವಾ ಬೀಗ.
- ವರ್ಷಕ್ಕೊಮ್ಮೆ ಬೇರೆ ದಾರಿ: ಇನ್ಶೂರೆನ್ಸ್, ರೀಚಾರ್ಜ್ ಪ್ಲಾನ್, ಇಂಟರ್ನೆಟ್ ಇವುಗಳ ನವೀಕರಣಕ್ಕೆ ಮುಂಚೆ ಎರಡು ಕಡೆ ಬೆಲೆ ಕೇಳಿ. ಮುಷ್ಕರ ಆಗುವವರೆಗೆ ಕಾಯಬೇಡಿ.
- ತುಂಬುತ್ತಿರುವ ಪಟ್ಟಿ ಕಂಡರೆ ನಿಲ್ಲಿ: "ಇನ್ನೆರಡೇ ಬಾಕಿ" ಎಂದಾಗ, ಶುರುವಿನಲ್ಲಿ ಇದು ನಿಮಗೆ ಬೇಕಿತ್ತೇ ಎಂದು ಕೇಳಿಕೊಳ್ಳಿ.
- ಉಡುಗೊರೆ ಮೆಸೇಜು ಬಂದರೆ: ಲಿಂಕ್ ಒತ್ತಬೇಡಿ. ಕಂಪನಿಯ ಸ್ವಂತ ಆಪ್ ಅಥವಾ ವೆಬ್‌ಸೈಟ್ ಬೇರೆಯಾಗಿ ತೆರೆದು ನೋಡಿ. ಹಂಚಿದರೆ ಮಾತ್ರ ಬಹುಮಾನ ಎಂದರೆ ಮೋಸ ಎಂದೇ ತಿಳಿಯಿರಿ.
- ದೂರು ಕೊಡಲು: ಚಂದಾ ರದ್ದಾಗದಿದ್ದರೆ, ಕೇಳದೆ ಶುಲ್ಕ ಸೇರಿಸಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆನ್‌ಲೈನ್ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930.

ಒಳ್ಳೆಯ ಬ್ರ್ಯಾಂಡನ್ನು ಇಷ್ಟಪಡುವುದರಲ್ಲಿ ತಪ್ಪೇನಿಲ್ಲ. ಪ್ರತಿ ಸಲ ಸೋಪು ಕೊಳ್ಳುವಾಗ ಸಂಶೋಧನೆ ಮಾಡಬೇಕಾಗಿಯೂ ಇಲ್ಲ; ನಂಬಿಕೆ ಇರುವುದೇ ಆ ಶ್ರಮ ಉಳಿಸಲಿಕ್ಕೆ. ಆದರೆ ಆ ನಂಬಿಕೆ ನಿಮ್ಮದು, ನಿಮ್ಮ ದುಡ್ಡಿನಷ್ಟೇ ಬೆಲೆಯುಳ್ಳದ್ದು. ಅದನ್ನು ಗಳಿಸಿದವರಿಗೆ ಕೊಡಿ, ಲೋಗೋ ಅಂಟಿಸಿಕೊಂಡು ಬಂದವರಿಗಲ್ಲ. ಮುಂದಿನ ಸಲ ಗ್ರೂಪಿನಲ್ಲಿ ಉಚಿತ ಉಡುಗೊರೆಯ ಮೆಸೇಜು ಬಂದಾಗ, ಅದನ್ನು ಮುಂದೆ ಕಳಿಸುವ ಬದಲು ಇದನ್ನು ಕಳಿಸಿ.